ಓಟದಲ್ಲೇ ನಿಲ್ಲಿಸಿದವಳು

ನನ್ನ ನಾದಿನಿಯ ಎಡಗೈ ಬಲಗೈಗಿಂತ ಕಪ್ಪಗಿತ್ತು. ವಿಮಾನ ನಡೆಸುತ್ತ ಎಡ ಸೀಟಿನಲ್ಲಿ, ಕಿಟಕಿಯ ಬಿಸಿಲಿಗೆ ಕೂತು ಕೂತು ಹಾಗಾಗಿತ್ತು. ಕ್ಯಾಪ್ಟನ್ ಆಗುವ ಮೊದಲು ಬಲಗಡೆ ಕೂರುತ್ತಿದ್ದಾಗ ಬಲಗೈ ಕಪ್ಪಾಗಿತ್ತಂತೆ. ತಮಿಳುನಾಡಿನ ಅವಿನಾಶಿ ಊರಿನ ನಮ್ಮ ಮನೆಗೆ ಬಂದಾಗಲೆಲ್ಲ ಅತ್ತೆ ಕಡಲೆಹಿಟ್ಟು ಕಲಸಿಕೊಂಡು ಅವಳ ಹಿಂದೆ ಬೀಳುತ್ತಿದ್ದರು. "ಬಿಡಮ್ಮ, ಇದು ನನ್ನ ಪ್ರಮೋಷನ್ನು" ಎಂದು ನಗುತ್ತಿದ್ದಳು.

ಪವರ್‌ಲೂಮ್ ಮಗ್ಗಗಳ ಗಲಾಟೆಯಲ್ಲಿ ಬೆಳೆದವಳಾದರೂ ಮೆಲ್ಲಗೆ ಮಾತಾಡುವವಳು. ನಾವು ವಾಲ್ಪಾರೈ ಬೆಟ್ಟಕ್ಕೆ ಹೊರಟರೂ, ಎಲ್ಲಿ ಮಂಜು ಸಿಕ್ಕರೆ ಕಾರು ವಾಪಸು ಎಂಬುದನ್ನು ಕೆಳಗೇ ಹೇಳಿಬಿಡುತ್ತಿದ್ದಳು. "ಮೊದ್ಲೇ ತೀರ್ಮಾನ ಮಾಡ್ಕೊಬೇಕು ಅತ್ತಿಗೆ. ಓಡೋವಾಗ ಯೋಚನೆ ಮಾಡಕ್ಕೆ ಟೈಮಿರಲ್ಲ."

ಮೈದುನನ ಮದುವೆ ಮುಂಬಯಿಯಲ್ಲಿತ್ತು. ಮಗಳು ನಡೆಸುವ ವಿಮಾನದಲ್ಲೇ ದಿಬ್ಬಣ ಹೋಗಬೇಕೆಂದು ಹಟ ಹಿಡಿದವರು ಮಾವನೇ. ಕೊಯಮತ್ತೂರಿನಲ್ಲಿ ಹತ್ತಿದೆವು. ನನ್ನ ಪುಟ್ಟ ಮಗಳು ತೊಡೆಯ ಮೇಲಿದ್ದಳು. ವಿಮಾನ ರನ್‌ವೇ ಮೇಲೆ ಜೋರಾಗಿ ಓಡುತ್ತಿದ್ದಾಗ ಬಲಗಡೆ ಢಮ್ ಎಂದಿತು, ಇಡೀ ವಿಮಾನ ಪಕ್ಕಕ್ಕೆ ಎಳೆದಂತಾಯಿತು. ಮರುಕ್ಷಣ ಎಂಥ ಬ್ರೇಕು! ಮಗುವನ್ನು ಅವುಚಿಕೊಂಡೆ. ವಿಮಾನ ನಿಂತಿತು. ಒಂದು ಎಂಜಿನ್ ಕೆಟ್ಟಿದೆ, ಬೆಂಕಿಯಿಲ್ಲ, ಎಲ್ಲರೂ ಕೂತೇ ಇರಿ ಎಂದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಅವಳ ದನಿ ಬಂತು. ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಕೇಳುವ ದನಿಯೇ.

ಕೂತರೇ? ಥೂ! ಮಕ್ಕಳ ತಲೆಯ ಮೇಲೆ ಬ್ಯಾಗು ಎಳೆಯುವವರು, ಫೋನ್ ಎತ್ತಿ ವಿಡಿಯೊ ತೆಗೆಯುವವರು. ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬ, ಒಂದು ಎಂಜಿನ್ ಹೋದರೆ ಇನ್ನೊಂದಿಲ್ಲವಾ, ಹೆಂಗಸಿನ ಕೈಗೆ ಕೊಟ್ಟರೆ ಹೀಗೇ ಎಂದು ತಮಿಳಿನಲ್ಲಿ ಕಿರುಚಿದ. ನಮ್ಮ ನೆಂಟರು ಮಾವನ ಮುಖ ನೋಡಿದರು. ಮಾವ ತಲೆ ತಗ್ಗಿಸಿದರು. ಅವಳು ನಮ್ಮವಳು ಎಂದು ಹೇಳುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ.

ಆಮೇಲೆ ಏರ್‌ಪೋರ್ಟಿನ ಒಳಗೆ ಅವಳು ನೇರ ಅಪ್ಪನ ಹತ್ತಿರ ಬಂದಳು. "ಎಂಜಿನ್ ಕೈಕೊಟ್ಟಿತಪ್ಪ. ಇನ್ನೂ ನಿಲ್ಲಿಸ್ಬಹುದಾದ ವೇಗದಲ್ಲಿದ್ವಿ, ನಿಲ್ಲಿಸ್ದೆ. ಅದು ದಾಟಿದ್ರೆ ನಿಲ್ಲಿಸ್ತಿರಲಿಲ್ಲ, ಹಾರಿ ಒಂದು ಸುತ್ತು ಹಾಕಿ ಇಳಿಸ್ತಿದ್ದೆ."

"ಸಾಕು ನಿಲ್ಸು. ಚುಮ್ಮಾ, ಏನೂ ಇಲ್ಲದ್ದಕ್ಕೆ ಭಯಪಟ್ಟು ನೆಂಟರ ಮುಂದೆ ನನ್ನ ಮಾನ ತೆಗೆದೆ."

"ಎಲ್ರೂ ಕಾಲ್ಮೇಲೆ ನಡ್ಕೊಂಡು ಇಳಿದ್ರಲ್ಲಪ್ಪ" ಎಂದಳು. ಮಾವ ಮುಖ ತಿರುಗಿಸಿದರು.

ಸಾಯಂಕಾಲ ಬೇರೆ ವಿಮಾನ ಸಿಕ್ಕಿತು, ಮುಹೂರ್ತವೂ ತಪ್ಪಲಿಲ್ಲ. ವಿಚಾರಣೆಗೆಂದು ಅವಳು ಮಾತ್ರ ಕೊಯಮತ್ತೂರಿನಲ್ಲೇ ಉಳಿದಳು. ತಮ್ಮನ ಮದುವೆಗೆ ಅಕ್ಕ ಇಲ್ಲ ಎಂದು ಮಂಟಪದಲ್ಲಿ ಒಬ್ಬರಾದರೂ ಕೇಳಬೇಡವೇ? ಹೋಳಿಗೆಗೆ ತುಪ್ಪ ಸಾಲದು ಎಂದು ಕೇಳಿದರು.

ಅವಳು ಮಾಡಿದ್ದು ಸರಿ ಎಂದು ವಿಚಾರಣೆಯಲ್ಲಿ ಹೇಳಿದರು. ಅದು ಅವಳಿಗೆ ಮೊದಲೇ ಗೊತ್ತಿತ್ತು. ಅವಳಿಗೆ ಬೇಕಾಗಿದ್ದು ಅಪ್ಪನ ಬಾಯಿಂದ ಅದೇ ಒಂದು ಮಾತು. ಆಮೇಲೆ ಊರಿಗೆ ಬಂದಾಗಲೆಲ್ಲ ಊಟ ಮಾಡಿ ಮಾವನ ಎದುರು ಸುಮ್ಮನೆ ಕೂರುತ್ತಿದ್ದಳು. ಮಾವ ಟಿವಿ ಸದ್ದು ಜೋರು ಮಾಡುತ್ತಿದ್ದರು. ಎಷ್ಟು ಹೊಟ್ಟೆ ಉರಿಯುತ್ತಿತ್ತು ನನಗೆ! "ಬಿಡಿ ಅತ್ತಿಗೆ, ಒಂದಿನ ಹೇಳ್ತಾರೆ" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು. ತನಗೇ ಕ್ಯಾನ್ಸರ್ ಬಂದು ಹಾಸಿಗೆ ಹಿಡಿದಾಗಲೂ, ಬಾಗಿಲಲ್ಲಿ ಮಾವನ ಚಪ್ಪಲಿ ಸದ್ದಾದರೆ ದಿಂಬಿಗೆ ಒರಗಿ ಎದ್ದು ಕೂರುತ್ತಿದ್ದಳು. ಮಾವ ಇಣುಕಿ ನೋಡಿ, ಮಾತ್ರೆ ಕೊಟ್ಟಿರಾ ಎಂದು ನನ್ನನ್ನು ಕೇಳಿ ಹೋಗುತ್ತಿದ್ದರು.

ಹೋದ ವರ್ಷ ತೀರಿಕೊಂಡಳು. ಯೂನಿಫಾರ್ಮಿನ ಫೋಟೊಗೆ ಹಾರ ಹಾಕಿ ಮಾವ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಸಾವಿಗೆ ಬಂದವರಿಗೆಲ್ಲ ಹೇಳತೊಡಗಿದರು. "ಅಷ್ಟು ಜನರ ಜೀವ ಕಾಪಾಡಿದ ಕೈ ಇವಳದು. ಅವತ್ತು ನಾನೂ ಇದ್ದೆ. ಭೇಷ್ ಮಗಳೇ ಅಂತ ಮೊದಲು ಹೇಳ್ದವನು ನಾನೇ."



"ಸುಳ್ಳು ಹೇಳ್ಬೇಡಿ ಮಾವ" ಎಂದೆ, ಎಲ್ಲರಿಗೂ ಕೇಳುವಂತೆ. "ಆ ಒಂದು ಮಾತಿಗೆ ಕಾದು ಕಾದು ಹೋದಳು ಅವಳು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಮತ್ತೆ ಯಾರೋ ಬಂದರು. ಮಾವ ನನ್ನ ಕಡೆ ನೋಡದೆ, ಅವರನ್ನು ಕೂರಿಸಿ, ಅದೇ ಕಥೆಯನ್ನು ಮೊದಲಿನಿಂದ ಶುರು ಮಾಡಿದರು.