ರಘುನಾಥ್ ಮೇಷ್ಟ್ರ ಪಾರ್-ಲೋಂ

ತಣಿಸಂದ್ರದ ಹೊಲಗಳಲ್ಲಿ ಅಪಾರ್ಟ್‌ಮೆಂಟ್‌ಗಳೆದ್ದ ಮೇಲೆ ರಘುನಾಥರ ತಮ್ಮಂದಿರು ಕಟ್ಟಡದ ವ್ಯವಹಾರಕ್ಕಿಳಿದರು. ಇವರು ಮಾತ್ರ ಮನೆಯ ಹಾಲ್‌ನಲ್ಲಿ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತ ಉಳಿದರು. ಬರೆದದ್ದನ್ನೆಲ್ಲ ಓದುವುದು ಕನ್ನಡದ ಮಕ್ಕಳ ಅಭ್ಯಾಸ. ಕ್ರಿಯಾಪದದ ಕೊನೆಯ ಪ್ರತ್ಯಯವನ್ನು ನುಂಗುವುದು ಅವರಿಗೆ ಒಗ್ಗುತ್ತಿರಲಿಲ್ಲ.

"ತುಂಡು ಮಾಡಿ ಹೇಳ್ರೋ. 'ನಾವು ಮಾತಾಡ್ತೀವಿ' ಅಂದ್ರೆ ನು ಪಾರ್-ಲೋಂ, 'ನೀವು ಮಾತಾಡ್ತೀರಿ' ಅಂದ್ರೆ ವು ಪಾರ್-ಲೇ. 'ಅವರು ಮಾತಾಡ್ತಾರೆ' ಅನ್ನೋಕೆ ಇಲ್ ಪಾರ್ಲ್, ಅಷ್ಟೇ. ಕೊನೇದನ್ನ ಬರೀಬೇಕು, ಅನ್ನಬಾರದು."

ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಬರಲಿಲ್ಲ. ಎಲ್ಲರ ಮಾತೂ ತಿಳಿಯುತ್ತಿತ್ತು. ನೀರು ಬೇಕಾದರೆ ಮಾತ್ರ ಲೋಟ ತೋರಿಸಬೇಕಿತ್ತು.

ಟ್ಯೂಷನ್‌ಗೆ ಬರುತ್ತಿದ್ದ ರಮ್ಯ ನೋಡಲು ಬಂದಳು. ಏನು ಮಾತಾಡುವುದೋ ತೋಚದೆ 'ಮುಗಿಸು' ಎಂಬ ಕ್ರಿಯಾಪದದ ಪಾಠವನ್ನೇ ಒಪ್ಪಿಸತೊಡಗಿದಳು. "ಜ ಫಿ-ನಿ, ತು ಫಿ-ನಿ..." ಮುಂದಿನದು ಮರೆತು ಅಷ್ಟಕ್ಕೇ ನಿಲ್ಲಿಸಿದಳು.

"ನು ಫಿ-ನಿ-ಸೋಂ," ಎಂದರು ರಘುನಾಥ್. "ವು ಫಿ-ನಿ-ಸೇ. ಇಲ್ ಫಿ-ನಿಸ್."

ತಾಯಿ ಅಕ್ಕಯ್ಯಮ್ಮ ಅಡುಗೆಮನೆಯಿಂದ ಓಡಿಬಂದರು. "ಅವ್ವಾ ಅನ್ನಕ್ಕಾಗ್ದಿರೋ ಬಾಯಾಗೆ ಇದೆಂಗ್ ಬತ್ತದಪ್ಪಾ?" ಎಂದವರ ಕಣ್ಣು ತುಂಬಿತು. ಸಂತೋಷಕ್ಕೋ ಸಿಟ್ಟಿಗೋ, ಅವರಿಗೇ ಗೊತ್ತಾಗಲಿಲ್ಲ.

ಬಾಯಿಪಾಠವಾದದ್ದು ಹೀಗೆ ಉಳಿಯುವುದುಂಟು ಎಂದರು ಡಾಕ್ಟರು. ಹೆಂಡತಿ ವನಿತಾ ಅದನ್ನೇ ಹಿಡಿದುಕೊಂಡರು. ದಿನಾ ಎದುರಿಗೆ ಕೂತು ಮೇಜು ತಟ್ಟಿ ಕ್ರಿಯಾಪದ ಹೇಳಿಸುವುದು, ಅದೇ ತಾಳದಲ್ಲಿ "ನೀ-ರು" ಎನ್ನುವುದು. ರಘುನಾಥ್ ನಾಚಿಕೆಯಿಂದ ಮುಖ ತಿರುಗಿಸಿದರು.

"ಮಕ್ಕಳಿಗೆ ನಾಚ್ಕೋಬೇಡಿ ಅಂತಿದ್ದೋರು ನೀವೇ ಅಲ್ವಾ? ಹೇಳ್ರೀ."

ಕೆಲವು ವಾರಗಳ ಮೇಲೆ "ನೀ" ಬಂತು, ಬಹಳ ತಡೆದು "ರು". ಆಮೇಲೊಂದು ದಿನ "ಅವ್-ವಾ". ಅಕ್ಕಯ್ಯಮ್ಮ "ಊಂ" ಅಂದು ಒಳಗೆ ಹೋಗಿಬಿಟ್ಟರು.

ಮಾತು ಪೂರ್ತಿ ಮರಳಲಿಲ್ಲ. ಫೋನಿನಲ್ಲಿ ಮಾತಾಡುವುದು ಇಂದಿಗೂ ಆಗದು. ಟ್ಯೂಷನ್ ಮತ್ತೆ ಶುರುವಾದಾಗ ಅರ್ಧ ಮಕ್ಕಳು ಬೇರೆ ಕಡೆ ಸೇರಿಯಾಗಿತ್ತು. ರಮ್ಯ ಬಂದಳು. ಮೇಷ್ಟ್ರು ಪದಕ್ಕೆ ತಡಕಾಡುವಾಗ ಅವಳ ನಾಲಿಗೆ ತುರಿಸುತ್ತಿತ್ತು. ಒಮ್ಮೆ ತಡೆಯಲಾರದೆ ಬಾಯಿ ತೆರೆದಳು.

ರಘುನಾಥ್ ಕೈಯೆತ್ತಿ ಸುಮ್ಮನಿರಿಸಿದರು. ಇಡೀ ತರಗತಿ ಕಾಯಿತು.

"ಪ್ರತ್-ಯ-ಯ," ಎಂದು ತಾವೇ ಮುಗಿಸಿ, ಬೋರ್ಡಿನ ಕಡೆ ತಿರುಗಿದರು.