ರಾಜಿಯ ರೀಲು

ಎಪ್ಪತ್ತರ ದಶಕದಲ್ಲಿ ನನ್ನ ಕೆಲಸ ಸಿನಿಮಾ ಡಬ್ಬಿಗಳ ಜೊತೆ ಊರೂರು ತಿರುಗುವುದು, ಆಟ ಮುಗಿದ ಮೇಲೆ ಜನ ಏನಂದರು ಅಂತ ಚಿತ್ರ ಹಂಚುವ ಮಾಲೀಕರಿಗೆ ಬರೆದು ಕಳಿಸುವುದು. ಒಮ್ಮೆ ಕಡೂರಿನ ಆಟ ಮುಗಿಸಿ ಅಜ್ಜಂಪುರದ ತಗಡಿನ ಟಾಕೀಸಿಗೆ ಕುದುರೆ, ಕೋವಿಗಳ ಇಂಗ್ಲಿಷ್ ಚಿತ್ರವೊಂದನ್ನು ಒಯ್ದಿದ್ದೆ. ಅಪ್ಪನ ಸಾವಿಗೆ ತಮ್ಮನೇ ಕಾರಣ ಎಂಬ ಗುಮಾನಿ ತಲೆಗೆ ಹೊಕ್ಕು, ಅಣ್ಣ ಅವನಿಗೆ ಗುಂಡು ಹೊಡೆಯುವ ಕಥೆ.

ಮ್ಯಾಟಿನಿ ಮುಗಿದು ದೀಪ ಹತ್ತಿದರೂ ಯಾರೂ ಏಳಲಿಲ್ಲ. "ಹೇಗಿತ್ತು ಸಿನಿಮಾ?" ಎಂದೆ.

"ಇನ್ನೂ ಮುಗಿದೇ ಇಲ್ವಲ್ರೀ," ಎಂದರು ಊರ ಜಗಳಗಳನ್ನೆಲ್ಲ ಬಗೆಹರಿಸುವ ಪಟೇಲರು. "ಹೊಡೆದಾಡಿದ ಅಣ್ಣತಮ್ಮಂದಿರನ್ನ ಒಂದೇ ಪಂಕ್ತೀಲಿ ಕೂರಿಸಿ ಉಣ್ಣಿಸಿದ್ರೆ ತಾನೇ ರಾಜಿ? ಆ ರೀಲು ಎಲ್ಲಿ?"

"ಅಂಥ ರೀಲೇ ಇಲ್ಲ. ತಮ್ಮ ಸತ್ತೋದ."

"ಕಡೂರಲ್ಲೇ ಬಿಟ್ಟು ಬಂದವ್ನೆ ಕಣ್ರೀ!" ಹಿಂದಿನಿಂದ ಯಾರೋ ಕೂಗಿದರು. ಹೊರಗೆ ನನ್ನ ಬಸ್ಸು ಹಾರನ್ ಹೊಡೆಯುತ್ತಿತ್ತು. ಪಟೇಲರು ಬಂದು, ರೀಲುಗಳನ್ನು ತುಂಬಲು ಇಟ್ಟಿದ್ದ ನನ್ನ ಪೆಟ್ಟಿಗೆಯ ಮೇಲೆ ಕೂತೇಬಿಟ್ಟರು.

ಬೇರೆ ದಾರಿ ಕಾಣದೆ ಮೊದಲ ರೀಲನ್ನೇ ಮತ್ತೆ ಹಾಕಿಸಿದೆ. ಅದರಲ್ಲಿ ಅಣ್ಣತಮ್ಮಂದಿರು ನಗುತ್ತ ಉಣ್ಣುತ್ತಾರೆ, ತಾಯಿ ಬಡಿಸುತ್ತಾಳೆ.

"ಸತ್ತೋನು ಉಣ್ತಾ ಅವ್ನಲ್ಲಾ?" ಎಂದನೊಬ್ಬ.

"ಗುಂಡು ಭುಜ ಸವರ್ಕೊಂಡು ಹೋಗಿತ್ತು ಅಷ್ಟೇ. ನಾನು ಆಗ್ಲೇ ಹೇಳ್ಲಿಲ್ವಾ?" ಎಂದು ಪಕ್ಕದ ಅಜ್ಜಿ ಗದರಿದಳು.

ಪಟೇಲರು ಎದ್ದು ಪಂಚೆ ಕೊಡವಿಕೊಂಡರು. "ಹ್ಞಾ, ಈಗ ಮುಗೀತು."

ಬಸ್ಸು ತಪ್ಪಿತ್ತು. ಅಭಿಪ್ರಾಯದ ಕಾಗದದಲ್ಲಿ 'ಮುಕ್ತಾಯ ಎಲ್ಲರಿಗೂ ಹಿಡಿಸಿತು' ಎಂದು ಬರೆದೆ. ಮರುದಿನ ತರೀಕೆರೆಯಲ್ಲಿ ಯಾರೂ ಕೇಳುವ ಮುಂಚೆಯೇ ಮೊದಲ ರೀಲನ್ನು ಕೊನೆಗೆ ಇನ್ನೊಮ್ಮೆ ಹಾಕಿಸಿದೆ. ತಾಯಿ ಬಡಿಸತೊಡಗಿದಾಗ ಮೊದಲು ಚಪ್ಪಾಳೆ ತಟ್ಟಿದವನೂ ನಾನೇ.