ಒಗೆಯುವ ಕಲ್ಲಿನ ಮೇಲಿನ ಅಕ್ಷರ

ಬಟ್ಟೆ ನೆನೆಸಿ ಕೂತರೆ ಸಾಕು, ಯಾರಾದರೂ ಬಂದು ಎಬ್ಬಿಸುತ್ತಾರೆ. ಮೊನ್ನೆ ಪೂರಿಗಾಲಿಯ ಕಾಲುವೆ ಹತ್ತಿರ ಎಬ್ಬಿಸಿದವಳು ಹಳೇ ಶಾಸನ ಓದುವ ಕಾಲೇಜು ಹುಡುಗಿ. ನಾನು ಒಗೆಯುತ್ತಿದ್ದ ಕಲ್ಲಿನ ಮೇಲೆ ಏಳುನೂರು ವರ್ಷದ ಅಕ್ಷರ ಇದೆಯಂತೆ.

“ಅಷ್ಟು ವರ್ಸ ಕಾದೈತೆ, ಈ ಸೀರೆ ಹಿಂಡೋಗಂಟ ಕಾಯಕಿಲ್ವಾ?” ಅಂದೆ.

ಅವಳು ನಕ್ಕು, ಸೋಪಿನ ನೊರೆ ತೊಳೆದು, ಬೆರಳಿಟ್ಟು ಓದಿದಳು. ಸತ್ತ ಮಗಳಿಗಾಗಿ ತಾಯಿಯೊಬ್ಬಳು ನಿಲ್ಲಿಸಿದ ಕಲ್ಲು ಅದು. ಮಗುವಿನ ಹೆಸರನ್ನೂ ಕೆತ್ತಿಸಿದ್ದಳು.

“ಸುಳ್ಳು ಕಣಮ್ಮ. ಆ ಕಾಲ್ದಲ್ಲಿ ಹತ್ತು ಹೆತ್ತು ಐದು ಮಣ್ಣು ಮಾಡೋರು, ಯಾರೂ ಅಳ್ತಿರ್ಲಿಲ್ಲ ಅಂತಾರೆ ನಮ್ಮತ್ತೆ.”

“ನಾವೂ ಹಾಗೇ ಅಂದ್ಕೊಂಡಿದ್ವಿ ಅಕ್ಕ. ಕಲ್ಲು ಬೇರೇನೇ ಹೇಳ್ತಿದೆ.”

ನನ್ನ ಮೊದಲ ಮಗು ನಾಮಕರಣಕ್ಕೂ ಮುಂಚೆ ತೀರಿಕೊಂಡಾಗ ಅತ್ತೆ ಆಡಿದ ಮಾತು ಅದು. ಹಳೇ ಕಾಲದ ಹೆಂಗಸರಿಗಿಲ್ಲದ ಕಣ್ಣೀರು ನನಗೇಕೆ ಅಂತ ನಾಚಿಕೆಯಾಗಿ, ಮೂರನೇ ದಿನಕ್ಕೇ ಅಳು ನುಂಗಿ ಗದ್ದೆಗೆ ಹೋಗಿದ್ದೆ. ಗುರುತಿಲ್ಲದ ಆ ಹುಡುಗಿಗೆ ಇದನ್ನೆಲ್ಲ ಯಾಕೆ ಹೇಳಿದೆನೋ!

ಅವಳು ಕಲ್ಲಿನ ಮೇಲಿದ್ದ ಕೈ ತೆಗೆಯದೆ ಮೆಲ್ಲಗೆ ಕೇಳಿದಳು: “ಏನಂತ ಕರೀತಿದ್ರಿ ಅಕ್ಕ, ಮಗೂನ?”